ಅಂಗಡಿಗೆ ಎಷ್ಟು ಕಣ್ಣು ಬೇಕು?

ಇಂಗ್ಲೆಂಡಿನಲ್ಲಿ ನಾಲ್ಕು ದಿನ ಓಡಾಡಿದವರಿಗೆ ಗೊತ್ತು, ಇಲ್ಲಿ ತಲೆ ಎತ್ತಿದಲ್ಲೆಲ್ಲ ಕ್ಯಾಮರಾ. ಬಸ್ಸಲ್ಲಿ, ರೈಲಲ್ಲಿ, ಪೆಟ್ರೋಲ್ ಬಂಕಲ್ಲಿ... ನೋಡೀ ನೋಡೀ ಅವು ಕಣ್ಣಿಗೆ ಬೀಳೋದೇ ನಿಂತುಹೋಗಿದೆ. ಆದ್ರೆ ನಮ್ಮವರ ಅಂಗಡಿಗೇ ಒಂದು ಸಿಸ್ಟಮ್ ಆರಿಸಬೇಕು ಅಂದಾಗ ಗೊತ್ತಾಗುತ್ತೆ ನೋಡಿ, ಅದರ ಕಷ್ಟ!

ರೆಡಿಂಗ್‌ನಲ್ಲಿ ನನ್ನ ಭಾಮೈದನದ್ದೊಂದು ದಿನಸಿ ಅಂಗಡಿ ಇದೆ. ಸೋನಾ ಮಸೂರಿ, ತೊಗರಿಬೇಳೆ, ತುಪ್ಪ, ಶುಕ್ರವಾರ ಬಂದ್ರೆ ಕರಿಬೇವು, ನುಗ್ಗೆಕಾಯಿ. ಮೂರು ತಿಂಗಳಿಂದ ಸ್ಟಾಕ್ ಲೆಕ್ಕ ತಾಳೆಯಾಗ್ತಿರಲಿಲ್ಲ, ಅದರಲ್ಲೂ ತುಪ್ಪದ್ದು. ನಾನು ನೆಟ್‌ವರ್ಕ್ ಕೆಲಸದವನು ಅಂತ ಫೋನ್ ಮಾಡಿದ. 'ಭಾವ, ಹದಿನಾರು ಕ್ಯಾಮರಾಗೆ ಕೊಟೇಶನ್ ಬಂದಿದೆ, ಒಂದ್ಸಲ ನೋಡ್ಬಿಡಿ.'

ನೋಡಿದೆ. ಗಲ್ಲಾದ ಮೇಲೆ ಎರಡು. ಕೆಲಸದವರು ಊಟ ಮಾಡೋ ಹಿಂದಿನ ಕೋಣೆಯಲ್ಲಿ ಒಂದು, ಅದೂ ಮೈಕ್ ಸಮೇತ. ಮಾಲು ಇಳಿಸೋ ಹಿಂಬಾಗಿಲಿಗೆ ಮಾತ್ರ ಒಂದೂ ಇಲ್ಲ! ಆರು ವರ್ಷದಿಂದ ಗಲ್ಲಾದಲ್ಲಿ ಕೂರೋದು ಜಾಫ್ನಾ ಕಡೆಯ ಒಬ್ಬ ಹೆಂಗಸು, ನಮಗೆಲ್ಲ ಅಕ್ಕ. ಇವನ ಅನುಮಾನ ಯಾರ ಮೇಲೆ ಅಂತ ಬಾಯಿಬಿಟ್ಟು ಹೇಳಬೇಕಾಗಿರಲಿಲ್ಲ.

'ಎಷ್ಟು ಕ್ಯಾಮರಾ ಅನ್ನೋದು ಆಮೇಲೆ. ನಿಂಗೆ ಏನು ಕಾಣಬೇಕು, ಅದನ್ನ ಮೊದಲು ಹೇಳು' ಅಂದೆ.

ಇದು ಸುಮ್ಮನೆ ಕೇಳಿದ ಪ್ರಶ್ನೆ ಅಲ್ಲ. ಯಾರೋ ಬಂದ್ರು ಅಂತ ಗೊತ್ತಾದ್ರೆ ಸಾಕೋ, ಅಥವಾ ಗುರುತಿಲ್ಲದವನ ಮುಖ ಸ್ಪಷ್ಟವಾಗಿ ಬೇಕೋ? ಯೂರೋಪಿನ ಇಎನ್ 62676-4 ಅನ್ನೋ ಸ್ಟ್ಯಾಂಡರ್ಡಿನ 2015ರ ಆವೃತ್ತಿ ಪ್ರಕಾರ ಯಾರೋ ಇದ್ದಾರೆ ಅಂತ ತಿಳಿಯೋಕೆ ಮೀಟರಿಗೆ 25 ಪಿಕ್ಸೆಲ್ ಸಾಕು. ಮುಖ ಗುರುತು ಹಿಡಿಯೋಕೆ 250 ಬೇಕು. 1080ಪಿ ಕ್ಯಾಮರಾದ ಚಿತ್ರ 1920 ಪಿಕ್ಸೆಲ್ ಅಗಲ. ಅಂದ್ರೆ ಸುಮಾರು ಏಳೂವರೆ ಮೀಟರ್ ಅಗಲದ ಜಾಗ, ಅಷ್ಟೇ. ಒಂದೇ ಕ್ಯಾಮರಾದಲ್ಲಿ ಇಡೀ ಅಂಗಡಿ ತೋರಿಸ್ತೀನಿ ಅಂತ ಹೊರಟ್ರೆ ತಲೆಗಳು ಕಾಣ್ತವೆ, ಮುಖ ಕಾಣಲ್ಲ. ಮುಂಬಾಗಿಲಿನದು ಇನ್ನೊಂದು ತಾಪತ್ರಯ: ಹೊರಗಿನ ಬೆಳಕು ಬೆನ್ನಿಗಿದ್ರೆ ಒಳಗೆ ಬರೋರ ಮುಖ ಮಸಿ ಬಳಿದ ಹಾಗೆ. ಅಲ್ಲಿಗೆ ಡಬ್ಲ್ಯೂಡಿಆರ್ ಇರೋ ಕ್ಯಾಮರಾನೇ ಬೇಕು.

ಇನ್ನು ಡಿಸ್ಕ್ ಲೆಕ್ಕ. ಒಂದು ಕ್ಯಾಮರಾ ಸೆಕೆಂಡಿಗೆ 4 ಮೆಗಾಬಿಟ್‌ನಂತೆ ಬಿಡದೆ ರೆಕಾರ್ಡ್ ಮಾಡಿದ್ರೆ ದಿನಕ್ಕೆ ಸುಮಾರು 43 ಜಿಬಿ. ಹದಿನಾರಕ್ಕೆ 690 ಜಿಬಿ. ಕೊಟೇಶನ್‌ನಲ್ಲಿದ್ದದ್ದು 4 ಟಿಬಿ ಡಿಸ್ಕ್. ಆರು ದಿನ ತುಂಬೋದ್ರೊಳಗೆ ಹಳೇದು ಅಳಿಸಿಹೋಗುತ್ತೆ. ತಿಂಗಳಿಗೊಮ್ಮೆ ಸ್ಟಾಕ್ ಎಣಿಸೋನಿಗೆ ಆರು ದಿನದ ವಿಡಿಯೋ ಕಟ್ಕೊಂಡು ಏನಾಗಬೇಕು? ಐದೇ ಕ್ಯಾಮರಾ, 8 ಟಿಬಿ ಡಿಸ್ಕ್ ಆದ್ರೆ ಒಂದು ತಿಂಗಳು ಧಾರಾಳ.

ಪಾಸ್‌ವರ್ಡ್ ವಿಷಯಾನೂ ಹೇಳಿಬಿಡ್ತೀನಿ. 2016ರಲ್ಲಿ ಮಿರಾಯ್ ಅನ್ನೋ ಮಾಲ್‌ವೇರ್ ಲಕ್ಷಗಟ್ಟಲೆ ಕ್ಯಾಮರಾ, ರೆಕಾರ್ಡರ್, ರೌಟರ್‌ಗಳಿಗೆ ನುಗ್ಗಿದ್ದು ಫ್ಯಾಕ್ಟರಿ ಪಾಸ್‌ವರ್ಡನ್ನ ಯಾರೂ ಬದಲಿಸಿರಲಿಲ್ಲ ಅನ್ನೋ ಕಾರಣಕ್ಕೇ ಮುಖ್ಯವಾಗಿ. ಕಾಯಬೇಕಾದ ಕ್ಯಾಮರಾನೇ ಕಳ್ಳನಿಗೆ ಬಾಗಿಲು ತೆಗೆದ ಹಾಗೆ! ಕೊಳ್ಳೋ ಮುಂಚೆ ಎಷ್ಟು ವರ್ಷ ಅಪ್‌ಡೇಟ್ ಕೊಡ್ತೀರಿ ಅಂತಲೂ ಕೇಳಿ. ಉತ್ತರ ಬರದಿದ್ರೆ ಆ ಕ್ಯಾಮರಾ ಬೇಡ.

ಹೀಗೆ ಲೆಕ್ಕ ಹಾಕಿ ಐದಕ್ಕೆ ಇಳಿಸಿದೆವು: ಮುಂಬಾಗಿಲು, ಸಾಮಾನಿನ ಎರಡು ಸಾಲು, ಗಲ್ಲಾ, ಹಿಂಬಾಗಿಲು. ಮೈಕ್ ಬೇಡ, ಊಟದ ಕೋಣೆಯಂತೂ ಬೇಡವೇ ಬೇಡ. 'ಅಕ್ಕನಿಗೆ ನೀನೇ ಹೇಳು' ಅಂದೆ. 'ಹೇಳಿಬಿಟ್ರೆ ಕ್ಯಾಮರಾ ಹಾಕಿ ಏನು ಪ್ರಯೋಜನ, ಭಾವ?' ಅಂದ. ಈ ದೇಶದಲ್ಲಿ ಕ್ಯಾಮರಾ ಇದೆ ಅಂತ ಬೋರ್ಡ್ ಹಾಕಲೇಬೇಕು. ತಮ್ಮ ವಿಡಿಯೋ ಕೊಡಿ ಅಂತ ಯಾರಾದ್ರೂ ಕೇಳಿದ್ರೆ ಸಾಮಾನ್ಯವಾಗಿ ತಿಂಗಳೊಳಗೆ ಕೊಡಬೇಕು. ಕೆಲಸದವರನ್ನ ಕದ್ದು ನೋಡೋದು ತೀರಾ ಅಪರೂಪದ ಸಂದರ್ಭಕ್ಕೆ ಮಾತ್ರ. ಕಾನೂನು ಇರ್ಲಿ, ಆರು ವರ್ಷ ಅಂಗಡಿ ಬೀಗದಕೈಯನ್ನ ಅವರ ಕೈಗೇ ಕೊಟ್ಟಿಲ್ವಾ ಅಂತ ಕೇಳಿದ್ದಕ್ಕೆ ಸುಮ್ಮನಾದ.

ಮಾರನೇ ದಿನ ಹೇಳಿದನಂತೆ. ಅಕ್ಕ ಸ್ವಲ್ಪ ಹೊತ್ತು ಮಾತಾಡಲಿಲ್ಲವಂತೆ. ಆಮೇಲೆ, 'ಗಲ್ಲಾ ಮೇಲೆ ಹಾಕು ತಂಬಿ. ಹತ್ತು ಪೌಂಡ್ ಕೊಟ್ಟು ಇಪ್ಪತ್ತು ಕೊಟ್ಟೆ ಅಂತ ಜಗಳ ಆಡ್ತಾರಲ್ಲ, ಅವತ್ತು ನನಗೇ ಸಾಕ್ಷಿ ಆಗುತ್ತೆ' ಅಂದರಂತೆ. ಅವರ ಮುಖಕ್ಕಲ್ಲ, ನೋಟು ಕೈ ಬದಲಾಯಿಸೋ ಜಾಗಕ್ಕೆ ನೇರವಾಗಿ ತಿರುಗಿಸಿ ಕೂರಿಸಿದೆವು.

ಕಳ್ಳ ಸಿಕ್ಕಿದನಾ ಅಂತೀರಾ? ಮೂರನೇ ವಾರ ಹಿಂಬಾಗಿಲಿನ ವಿಡಿಯೋ ಪಕ್ಕದಲ್ಲಿ ಬಿಲ್ ಇಟ್ಕೊಂಡು ಇಬ್ಬರೂ ಎಣಿಸಿದೆವು. ಬಿಲ್ಲಿನಲ್ಲಿ ತುಪ್ಪ ಹನ್ನೆರಡು ಬಾಕ್ಸು, ವ್ಯಾನಿನಿಂದ ಇಳಿದದ್ದು ಹತ್ತು. ಸಪ್ಲೈಯರ್ ಹೆಸರು ಇಲ್ಲಿ ಬೇಡ ಬಿಡಿ, ಅವರ ಜೊತೆ ವ್ಯವಹಾರ ಮುಗೀತು.

ನಿಮ್ಮ ಅಂಗಡಿಗೋ ಆಫೀಸಿಗೋ ಕ್ಯಾಮರಾ ಬೇಕಿದ್ರೆ, ಏನೇನು ಕಾಣಬೇಕು ಅಂತ ಒಂದು ಹಾಳೆ ಮೇಲೆ ಬರೀರಿ. ಪಕ್ಕದಲ್ಲೇ ಯಾರ ಮೇಲೆ ಅನುಮಾನ ಅಂತಲೂ ಬರೀರಿ. ಆ ಹೆಸರು ಹೊಡೆದುಹಾಕಿ, ಪಟ್ಟೀನ ಇನ್ನೊಂದ್ಸಲ ಓದಿ. ನಮ್ಮ ಹಿಂಬಾಗಿಲಿನ ಹಾಗೆ ಮರೆತುಹೋದ ಜಾಗ ನಿಮಗೂ ಒಂದು ಸಿಗಬಹುದು. ಏನಂತೀರಿ?