ಜಾಣ ಮಕ್ಕಳ ಪಕ್ಕದಲ್ಲಿ ಯಾರು?

ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು – ದಾವಣಗೆರೆ ಜಿಲ್ಲೆಯ ಈ ತಾಲೂಕುಗಳ ಪ್ರೌಢಶಾಲೆಗಳಲ್ಲಿ ನಾವು ಜಾಣ ಮಕ್ಕಳ ಮಾತೆತ್ತಿದರೆ, 'ಅವರಿಗೇನು ಸಾರ್, ಹೇಗಾದರೂ ಓದಿಕೊಳ್ತಾರೆ' ಎಂಬ ಉತ್ತರ ಸಿಗುತ್ತದೆ.

ಹಾಗೇನೂ ಇಲ್ಲ. 2008ರಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ಎನ್.ಎಂ.ಎಂ.ಎಸ್. ವಿದ್ಯಾರ್ಥಿವೇತನವನ್ನೇ ನೋಡಿ. ಎಂಟನೇ ತರಗತಿಯಲ್ಲಿ ಪರೀಕ್ಷೆ. ಆಯ್ಕೆಯಾದರೆ ಒಂಬತ್ತರಿಂದ ದ್ವಿತೀಯ ಪಿಯುಸಿವರೆಗೆ ವರ್ಷಕ್ಕೆ 12,000 ರೂಪಾಯಿ. ಬಡವರ ಮನೆಗೆ ಇದೇನು ಸಣ್ಣ ಮೊತ್ತವಲ್ಲ. ಆದರೆ ಆದಾಯ ಪ್ರಮಾಣಪತ್ರ, ಬ್ಯಾಂಕ್ ಖಾತೆ, ಆಧಾರ್, ವರ್ಷವರ್ಷವೂ ನವೀಕರಣ! ಪರೀಕ್ಷೆಯಲ್ಲಿ ಗೆದ್ದ ಮಗು ಕಾಗದಪತ್ರದಲ್ಲಿ ಸೋಲಬಹುದು. ಮಳೆ ಕೈಕೊಡುವ ಜಗಳೂರಿನ ಕಡೆ ಕೂಲಿಗೆ ಹೋಗುವ ತಂದೆ ತಾಲೂಕು ಕಚೇರಿಗೆ ಎಷ್ಟು ಸಲ ಅಲೆದಾನು?

ಆಪ್ತಸಮಾಲೋಚಕರೆಂದರೆ ಅಳುವ ಮಕ್ಕಳನ್ನು ಸಮಾಧಾನಪಡಿಸುವವರೆಂದೇ ನಮ್ಮಲ್ಲಿ ಹಲವರ ತಿಳುವಳಿಕೆ. ಲೆಕ್ಕ ಬೇಗ ಮುಗಿಸಿ ಪಕ್ಕದವನನ್ನು ಕೆಣಕುವ ಹುಡುಗನಿಗೆ ಇನ್ನೂ ಕಷ್ಟದ ಲೆಕ್ಕ ಕೊಡಿಸಬೇಕಾದವರೂ ಅವರೇ. ಹತ್ತನೇ ತರಗತಿಗೆ ಓದು ಸಾಕೆನ್ನುವ ಮನೆಗೆ ಹೋಗಿ, 'ಹುಡುಗಿ ವಿಜ್ಞಾನ ಓದಬಲ್ಲಳು, ಸರ್ಕಾರಿ ಕಾಲೇಜಿಗೆ ಸೇರಿಸಿ, ವಿದ್ಯಾರ್ಥಿವೇತನ ಮುಂದುವರಿಯುತ್ತದೆ' ಎಂದು ತಿಳಿಹೇಳಬೇಕಾದವರೂ ಅವರೇ.

ನಾವು ಕಂಡ ಶಾಲೆಗಳಲ್ಲಿ ಅಂಥ ಹುದ್ದೆಯೇ ಇಲ್ಲ. ಪಾಠ, ಗಣತಿ, ಬಿಸಿಯೂಟದ ಲೆಕ್ಕದ ನಡುವೆ ಯಾರೋ ಒಬ್ಬ ಶಿಕ್ಷಕರು ಇದನ್ನೂ ಹೊತ್ತಿರುತ್ತಾರೆ. ನ್ಯಾಮತಿ ಕಡೆಯ ಶಿಕ್ಷಕಿಯೊಬ್ಬರು ಮಕ್ಕಳ ಹೆಸರು, ನವೀಕರಣದ ದಿನಾಂಕಗಳನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದಾರೆ. ಅವರಿಗೆ ವರ್ಗವಾದರೆ ಆ ಪುಸ್ತಕ ಯಾರ ಕೈಗೆ?