ಎರಡನೆಯ ಸಲ ನಡೆದ ದಾರಿ

ಮಾರ್ಚ್ ಬಂತೆಂದರೆ ಮನೆಮನೆಯಲ್ಲೂ ಪರೀಕ್ಷೆಯ ಕಾವು. ವರ್ಷವಿಡೀ ಓದಿದ್ದು ಆ ಮೂರು ಗಂಟೆಯಲ್ಲಿ ಕೈಕೊಟ್ಟರೆ ಗತಿಯೇನು ಎಂಬ ಅಂಜಿಕೆ ಮಕ್ಕಳಿಗಿಂತ ತಂದೆತಾಯಿಗೇ ಹೆಚ್ಚು. ಹಲವು ವರ್ಷಗಳ ದುಡಿಮೆ ಒಂದೇ ರಾತ್ರಿ ಬೂದಿಯಾದದ್ದೂ ಒಂದು ಮಾರ್ಚ್ ತಿಂಗಳಲ್ಲೇ.

1812ರ ಮಾರ್ಚ್ 11ರ ಸಂಜೆ. ಕಲ್ಕತ್ತೆಯ ಸಮೀಪ ಹೂಗ್ಲಿ ನದಿಯ ದಂಡೆಯ ಮೇಲಿದ್ದ ಸೆರಾಂಪುರದ ಮಿಷನ್ ಅಚ್ಚುಕೂಟಕ್ಕೆ ಬೆಂಕಿ ಬಿತ್ತು. ವಿಲಿಯಂ ಕೇರಿ ಅಂದು ಊರಲ್ಲಿರಲಿಲ್ಲ. ಫೋರ್ಟ್ ವಿಲಿಯಂ ಕಾಲೇಜಿನಲ್ಲಿ ಪಾಠ ಹೇಳಲು ಕಲ್ಕತ್ತೆಗೆ ಹೋಗಿದ್ದರು. ಮರುದಿನ ಗೆಳೆಯ ಮಾರ್ಷ್‌ಮನ್ ಹೋಗಿ ಸುದ್ದಿ ತಿಳಿಸಿದರು.

ಕಾಗದ ಸುಟ್ಟಿತು, ಅಚ್ಚುಮೊಳೆಗಳು ಕರಗಿದವು. ಅದು ದುಡ್ಡಿನ ಮಾತು, ಹೋಗಲಿ. ಹಸ್ತಪ್ರತಿಗಳು? ಕನ್ನಡದ ಹೊಸ ಒಡಂಬಡಿಕೆ, ತೆಲುಗು ವ್ಯಾಕರಣ, ಸಂಸ್ಕೃತವನ್ನು ಬುಡವಾಗಿಟ್ಟು ಹಲವು ಭಾಷೆಗಳ ಪದಗಳನ್ನು ಜೋಡಿಸುತ್ತಿದ್ದ ನಿಘಂಟು, ಎಲ್ಲವೂ ಹೋದವು. ಜೆರಾಕ್ಸ್ ಇಲ್ಲದ ಕಾಲ. ಸುಟ್ಟದ್ದನ್ನು ಮತ್ತೆ ಕೈಯಿಂದಲೇ ಬರೆಯಬೇಕು. ಹೊಗೆಯಾಡುವ ಅವಶೇಷಗಳ ನಡುವೆ ನಡೆಯುವಾಗ ಕೇರಿಯವರ ಕಣ್ಣಲ್ಲಿ ನೀರಿತ್ತೆಂದು ಜೊತೆಗಿದ್ದವರು ಬರೆದಿಟ್ಟಿದ್ದಾರೆ.

ಅವರಿಗೆ ದುಃಖ ಹೊಸದಲ್ಲ. 1793ರಲ್ಲಿ ಬಂಗಾಳಕ್ಕೆ ಬಂದ ಮರುವರ್ಷವೇ ಐದು ವರ್ಷದ ಮಗ ಪೀಟರ್ ತೀರಿಕೊಂಡ. ಹೆಂಡತಿ ಡೊರೊಥಿ ಮಾನಸಿಕ ಸ್ವಾಸ್ಥ್ಯ ಕಳೆದುಕೊಂಡು ವರ್ಷಗಟ್ಟಲೆ ನರಳಿ 1807ರಲ್ಲಿ ಹೋದರು. ಇಷ್ಟರ ಮೇಲೆ ಈ ಬೆಂಕಿ.

ದೇವರು ತನ್ನನ್ನು ನೆಲಕ್ಕೆ ಬಾಗಿಸಿದ್ದು, ತಾನು ಇನ್ನಷ್ಟು ಸರಳವಾಗಿ ಅವನತ್ತ ನೋಡಲೆಂದು ಎಂದೇ ಕೇರಿ ತಿಳಿದರು. ಬೆಂಕಿಯಲ್ಲಿ ದೇವರ ಕೈ ಕಾಣುವುದು ಎಲ್ಲರಿಗೂ ಸಾಧ್ಯವಾಗದು, ಸಾಧ್ಯವಾಗಬೇಕೆಂದೂ ಇಲ್ಲ. ಆದರೆ ಅವರ ನಂಬಿಕೆ ಕೈಕಟ್ಟಿ ಕೂರಲಿಲ್ಲ ಎಂಬುದನ್ನು ನೋಡಬೇಕು. ಫೇಲಾದ ಮಗನಿಗೆ ‘ದೇವರಿಟ್ಟಂತಾಗಲಿ’ ಎಂದು ಹೇಳಿ ತಂದೆ ಪೇಪರ್ ಬಿಡಿಸಿಕೊಂಡು ಕೂರುವ ಬಗೆಯ ಭಕ್ತಿ ಅದಲ್ಲ. ಬೂದಿಯಡಿ ಮೊಳೆ ಎರೆಯುವ ಅಚ್ಚುಗಳು ಕೆಡದೆ ಸಿಕ್ಕವು. ಕರಗಿದ ಲೋಹವನ್ನೇ ಕಾಯಿಸಿ ಹೊಸ ಮೊಳೆ ಎರೆದರು. ಕೆಲವೇ ವಾರಗಳಲ್ಲಿ ಮುದ್ರಣ ಮತ್ತೆ ನಡೆಯಿತು. ಕೇರಿ ಪಂಡಿತರೊಡನೆ ಮೊದಲ ಪುಟದಿಂದ ಕುಳಿತರು. ಒಮ್ಮೆ ನಡೆದ ದಾರಿಯಲ್ಲಿ ಎರಡನೆಯ ಸಲ ಹೆಜ್ಜೆ ಸಲೀಸು, ತಪ್ಪೂ ಕಡಿಮೆ ಎಂದು ಸ್ನೇಹಿತರಿಗೆ ಬರೆದರು.

1817ರಲ್ಲಿ ಅವರ ಕನ್ನಡ ವ್ಯಾಕರಣ ಸೆರಾಂಪುರದಲ್ಲೇ ಅಚ್ಚಾಯಿತು. ಆ ದೊಡ್ಡ ನಿಘಂಟು ಮಾತ್ರ ಎಂದೂ ಪೂರ್ತಿಯಾಗಲಿಲ್ಲ. ಪ್ರಾರ್ಥಿಸಿದವರಿಗೆ ಎಲ್ಲವೂ ಮರಳಿ ಬರುವುದಿಲ್ಲವಷ್ಟೆ.

ಇಂಗ್ಲೆಂಡಿನಲ್ಲಿ ಅವರದು ಜೋಡು ಹೊಲಿಯುವ ಕಸುಬು. ಪ್ರಾಧ್ಯಾಪಕರಾದ ಮೇಲೆ ದೊಡ್ಡವರ ಔತಣವೊಂದರಲ್ಲಿ ಯಾರೋ, ‘ಈತ ಹಿಂದೆ ಜೋಡು ಮಾಡುತ್ತಿದ್ದನಲ್ಲವೆ?’ ಎಂದು ಕುಹಕವಾಡಿದರಂತೆ. ಮಾಡುವಷ್ಟು ದೊಡ್ಡವನಲ್ಲ, ಹರಿದದ್ದನ್ನು ರಿಪೇರಿ ಮಾಡುತ್ತಿದ್ದವನು ಎಂದು ಕೇರಿಯವರೇ ತಿದ್ದಿದರು. 1834ರಲ್ಲಿ ತೀರಿಕೊಂಡಾಗ ಅವರ ಇಚ್ಛೆಯಂತೆ ಸಮಾಧಿಯ ಕಲ್ಲಿನ ಮೇಲೆ ಹೊಗಳಿಕೆ ಕೆತ್ತಲಿಲ್ಲ. ಹೆಸರು, ಹುಟ್ಟಿದ ಮತ್ತು ಸತ್ತ ದಿನ, ಕೆಳಗೆ ಐಸಾಕ್ ವಾಟ್ಸ್‌ನ ಕೀರ್ತನೆಯೊಂದರ ಎರಡು ಸಾಲು, ಅಷ್ಟೆ.