ಬಸಿದ ಕಟ್ಟು

ಸುಲಭವಾದ ಅಡುಗೆಯನ್ನು ಕೆಡಿಸುವುದಕ್ಕೂ ಒಂದು ಪ್ರತಿಭೆ ಬೇಕು. ಆ ಪ್ರತಿಭೆ ನನ್ನಲ್ಲಿದೆಯೆಂದು ನನಗೆ ತಿಳಿದದ್ದು ಬಸ್ಸಾರಿನಿಂದ.

ನಮ್ಮ ತುಮಕೂರು ಸೀಮೆಯವರಿಗೆ ಬಸ್ಸಾರಿನ ಪರಿಚಯ ಹೇಳಬೇಕಾಗಿಲ್ಲ. ಉಳಿದವರಿಗಾಗಿ ಎರಡು ಮಾತು. ಕಾಳನ್ನೂ ಸೊಪ್ಪನ್ನೂ ಉಪ್ಪು ಹಾಕಿ ಬೇಯಿಸಿ ಬಸಿಯುವುದು. ಬಸಿದ ನೀರು, ಅಂದರೆ ಕಟ್ಟು, ಸಾರಾಗುತ್ತದೆ; ಮೇಲುಳಿದದ್ದು ಒಗ್ಗರಣೆ ಕಂಡು ಪಲ್ಯವಾಗುತ್ತದೆ. ಒಂದೇ ಪಾತ್ರೆ, ಒಂದೇ ಉರಿ, ಎರಡು ಪದಾರ್ಥ. ಹಳ್ಳಿಯಲ್ಲಾದರೆ ಮುದ್ದೆಗೆ, ಪೇಟೆಯಲ್ಲಾದರೆ ಅನ್ನಕ್ಕೆ. ಅಗ್ಗದ ಊಟಗಳಲ್ಲಿ ಇದಕ್ಕಿಂತ ಮರ್ಯಾದಸ್ಥವಾದುದನ್ನು ನಾನು ಕಾಣೆ.

1983ನೆಯ ಇಸವಿ. ತುಮಕೂರಿನಲ್ಲಿ ನನಗೆ ಗುಮಾಸ್ತೆಯ ಕೆಲಸ ಸಿಕ್ಕಿ ಆರು ತಿಂಗಳಾಗಿತ್ತು. ಚಿಕ್ಕಪೇಟೆಯಲ್ಲಿ ಒಂದು ಕೋಣೆ, ಒಂದು ಬತ್ತಿ ಸ್ಟೌವು, ಎರಡು ಪಾತ್ರೆ. ಇದು ನನ್ನ ಸಂಸಾರ. ಸಂಬಳ ಬಂದ ಹೊಸದರಲ್ಲಿ ಹೋಟೆಲಿನ ಊಟ, ಇಪ್ಪತ್ತನೆಯ ತಾರೀಕು ದಾಟಿದರೆ ಅನ್ನ ಮತ್ತು ಉಪ್ಪಿನಕಾಯಿ. ಜುಲೈ 28ರ ಸಂಜೆ, ಯಾವ ಸೂಚನೆಯೂ ಇಲ್ಲದೆ, ಕುಣಿಗಲ್ ಕಡೆಯ ನಮ್ಮ ಹಳ್ಳಿಯಿಂದ ಅಪ್ಪ ಬಂದು ಬಾಗಿಲಲ್ಲಿ ನಿಂತರು. ಕೈಯಲ್ಲಿ ಒಂದು ಕಂತೆ ದಂಟಿನ ಸೊಪ್ಪು.

ಜೇಬಿನಲ್ಲಿ ಎರಡು ರೂಪಾಯಿಯೂ ಪೂರ್ತಿ ಇರಲಿಲ್ಲ. ಹೋಟೆಲಿಗೆ ಕರೆಯುವಂತಿಲ್ಲ. “ಹೋಟ್ಲು ಗೀಟ್ಲು ಬ್ಯಾಡ ಕಣಪ್ಪ, ಇಲ್ಲೇ ಬಸ್ಸಾರು ಮಾಡು” ಎಂದು ಅವರೇ ನನ್ನನ್ನು ಪಾರುಮಾಡಿದರು. ಡಬ್ಬದ ತಳದಲ್ಲಿ ಅರ್ಧ ಪಾವು ಹೆಸರುಕಾಳಿತ್ತು. ಅವ್ವ ಮಾಡುವುದನ್ನು ನೂರು ಸಲ ನೋಡಿದ್ದೇನಲ್ಲ, ಎಂಬ ಧೈರ್ಯದಿಂದ ಕಾಳು ಬೇಯಿಸಿದೆ, ಸೊಪ್ಪು ಹಾಕಿದೆ, ಬೆಂದ ಮೇಲೆ ಪಾತ್ರೆಗೆ ತಟ್ಟೆ ಮುಚ್ಚಿ ಗಂಜಿ ಬಸಿಯುವವನ ಗತ್ತಿನಲ್ಲಿ ಬಚ್ಚಲ ಕಡೆಗೆ ಬಗ್ಗಿಸಿದೆ.

“ಲೋ, ಸಾರ್ನೇ ಚೆಲ್ತಾ ಇದೀಯಲ್ಲೋ!”

ಅಪ್ಪ ಕೂಗಿದ ರಭಸಕ್ಕೆ ಪಾತ್ರೆ ನೆಟ್ಟಗಾಯಿತು. ಎರಡು ಲೋಟದಷ್ಟು ಕಟ್ಟು ಉಳಿಯಿತು. ಮಿಕ್ಕದ್ದು ಬಚ್ಚಲಿನಲ್ಲಿ ಹಬೆಯಾಡುತ್ತಿತ್ತು.

ಆಮೇಲೆ ಅವರು ಪಂಚೆ ಎತ್ತಿ ಕಟ್ಟಿ ತಾವೇ ಕೂತರು. ಈರುಳ್ಳಿ, ಬೆಳ್ಳುಳ್ಳಿಯನ್ನು ಎಣ್ಣೆಯಲ್ಲಿ ಬಾಡಿಸಿದರು. ಅದರ ಜೊತೆಗೆ ಸಾರಿನ ಪುಡಿ, ಒಂದೆಳೆ ಹುಣಸೆಹಣ್ಣು, ಬೆಂದ ಕಾಳು ಸೊಪ್ಪು ಒಂದು ಹಿಡಿ, ಎಲ್ಲವನ್ನೂ ಮನೆಯ ಯಜಮಾನಿಯ ಒರಳಿನಲ್ಲಿ ರುಬ್ಬಿ ಕಟ್ಟಿಗೆ ಕದಡಿ ಕುದಿಸಿದರು. “ಆ ಹಿಡಿ ಕಾಳು ರುಬ್ಬದೆ ಇದ್ರೆ ಸಾರು ನೀರಾಯ್ತದೆ” ಎಂದರು. ತೆಂಗಿನಕಾಯಿ ಇರಲಿಲ್ಲ, ಅವರು ಕೇಳಲೂ ಇಲ್ಲ. ಸಾಸಿವೆ ಸಿಡಿದಾಗ ಕೋಣೆಯ ತುಂಬ ಊರಿನ ವಾಸನೆ. ಇಬ್ಬರೂ ಚೆನ್ನಾಗಿ ಉಂಡೆವು. ಅಂದರೆ, ನಾನು ಚೆನ್ನಾಗಿ ಉಂಡೆ. ಊಟವಾದ ಮೇಲೆ ಅವರು ಆ ಖಾಲಿ ಡಬ್ಬವನ್ನೊಮ್ಮೆ ನೋಡಿ ಮುಚ್ಚಳ ಹಾಕಿದರು. ಬೆಳಗಿನ ಮೊದಲ ಬಸ್ಸಿಗೆ ಹೊರಟುಹೋದರು. ಬಂದದ್ದೇಕೆಂದು ನಾನು ಕೇಳಲಿಲ್ಲ. ಮಗನನ್ನು ನೋಡಲು ಬಂದರೆಂದುಕೊಂಡೆ.

ಗೌರಿ ಹಬ್ಬಕ್ಕೆ ಊರಿಗೆ ಹೋದಾಗ ಕೊಟ್ಟಿಗೆಯಲ್ಲಿ ಒಂದು ಕುರಿ ಕಡಮೆಯಿತ್ತು. ಅವ್ವ ಹೇಳಿದಳು: “ರಾಗಿಗೆ ಗೊಬ್ಬರ ತರಾಕೆ ನಿನ್ತಾವ ನೂರು ರೂಪಾಯಿ ಕೇಳಾನ ಅಂತ ಬಂದಿದ್ರು ಕಣಪ್ಪ. ವಾಪಸ್ ಬಂದು, ‘ಮಗ ಅಡುಗೆ ಕಲ್ತವ್ನೆ’ ಅಂತ ನಗ್ತಿದ್ರು. ಆಮೇಲೆ ಕುರಿ ಹೊಡ್ಕೊಂಡು ಹೋದ್ರು.” ಅಪ್ಪ ಈ ವಿಷಯವನ್ನು ಕೊನೆಯವರೆಗೂ ನನ್ನೆದುರು ಎತ್ತಲಿಲ್ಲ. ನನಗೂ ಎತ್ತುವ ಧೈರ್ಯ ಬರಲಿಲ್ಲ.

ಮುಂದೆ ಮದುವೆಯಾಯಿತು. ನನ್ನಾಕೆ ಗುಬ್ಬಿಯವಳು. ನಾಟಕದ ವೀರಣ್ಣನವರ ಊರಿನವಳಾದ್ದರಿಂದ ಮಾತಿನಲ್ಲಿ ಅವಳನ್ನು ಗೆಲ್ಲುವುದು ಕಷ್ಟ. ತೆಂಗಿನ ಸೀಮೆಯವಳು, ಅರ್ಧ ಹೋಳು ಕಾಯಿ ಹಾಕದ ಬಸ್ಸಾರು ಅವಳ ಪ್ರಕಾರ ಬಸ್ಸಾರೇ ಅಲ್ಲ. “ರೀ, ನಿಮ್ಮ ಕುಣಿಗಲ್ಲಿನವರದು ಬರೀ ಕಟ್ಟು” ಎನ್ನುತ್ತಾಳೆ. ಆ ಬರೀ ಕಟ್ಟಿನ ಬೆಲೆಯನ್ನು ಅವಳಿಗೆ ನಾನು ಬಹಳ ವರ್ಷ ಹೇಳಿರಲಿಲ್ಲ. ಬೇಯಿಸಿದ ನೀರಿನಲ್ಲಿ ಜೀವಸತ್ವಗಳು ಕರಗಿರುತ್ತವೆ, ಚೆಲ್ಲಬಾರದು ಎಂದು ಡಾಕ್ಟರರೂ ಹೇಳುತ್ತಾರೆ. ನನಗೆ ಆ ಪಾಠ ಬೇರೆ ಕಡೆಯಿಂದ ಬಂದಿತ್ತು.

ಈಗ ನಾನು ನಿವೃತ್ತ. ಮಗ ಬೆಂಗಳೂರಿನಲ್ಲಿ ಕೆಲಸಕ್ಕೆ ಸೇರಿ ಬಾಡಿಗೆಯ ಕೋಣೆಯಲ್ಲಿದ್ದಾನೆ. ಹೋದ ವಾರ, ತಿಂಗಳ ಕೊನೆಯಲ್ಲಿ, ರಾತ್ರಿ ಎಂಟು ಗಂಟೆಗೆ ಫೋನು ಮಾಡಿದ.

“ಅಪ್ಪ, ಬಸ್ಸಾರು ಹೇಗೆ ಮಾಡೋದು?”

“ಮೊದಲು ಇನ್ನೊಂದು ಪಾತ್ರೆ ತಗೊಂಡು ಕೆಳಗೆ ಇಟ್ಕೋ” ಎಂದೆ. ಆಮೇಲೆ ಉಳಿದದ್ದೆಲ್ಲ ಹೇಳಿದೆ. ಹಿಡಿ ಕಾಳು ರುಬ್ಬುವುದನ್ನು ಎರಡು ಸಲ. ಅವನು ಎಲ್ಲಕ್ಕೂ ಹೂಂ ಎಂದ.

“ಮತ್ತೆ ಏನಾದರೂ ಬೇಕಿತ್ತೇನಪ್ಪ?”

“ಏನಿಲ್ಲಪ್ಪ, ಇಷ್ಟೇ.”

ಅಷ್ಟಕ್ಕೇ ಮಾತು ಮುಗಿಯಬೇಕಿತ್ತು. ನಾನು ಫೋನಿಡಲಿಲ್ಲ. “ಕಾಳಿನ ಡಬ್ಬದಲ್ಲಿ ಎಷ್ಟಿದೆ, ನೋಡಿ ಹೇಳು” ಎಂದೆ.